ಕೊಬ್ಬರಿ ಒಡೆದ ಹಾಡು

ಬೆಳಗಿನ ಆರು ಗಂಟೆ. ತಿಪಟೂರಿನ ಹೊರಗೆ, ತುರುವೇಕೆರೆ ರಸ್ತೆಯ ಕೊಬ್ಬರಿ ಶೆಡ್ಡಿನಲ್ಲಿ ಭೈರಮ್ಮ ಒಣಗಿದ ಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಉಂಡೆ ಗುಡುಗುಡು ಅನ್ನುತ್ತದೆ. ಕತ್ತಿಯಿಂದ ಸುತ್ತಲೂ ಹಗುರವಾಗಿ ನಾಲ್ಕು ಏಟು. ಕರಟ ಬಿಚ್ಚಿಕೊಂಡು ಇಡೀ ಉಂಡೆ ಅಂಗೈಗೆ ಬೀಳುತ್ತದೆ.

"ಯಾರ್ದೇ ಇವತ್ತು ಸರದಿ?" ಎಂದು ಕೂಗುತ್ತಾರೆ. ಸರದಿ ಕೆಲಸದ್ದಲ್ಲ, ಹಾಡಿನದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಇಲ್ಲಿನ ಹೆಂಗಸರು ದಿನಕ್ಕೊಬ್ಬರಂತೆ ತಮಗಿಷ್ಟವಾದ ಹಾಡು ಹೇಳಬೇಕು. ಅದನ್ನು ಮೊದಲು ಯಾರ ಬಾಯಲ್ಲಿ ಕೇಳಿದ್ದು ಅನ್ನುವುದನ್ನೂ ಹೇಳಬೇಕು. ಉಳಿದವರು ದನಿಗೂಡಿಸಿ ಸೊಲ್ಲು ಹಿಡಿಯುತ್ತಾರೆ. ಇಂದು ಪುಟ್ಟಗಂಗಮ್ಮನ ರಾಗಿ ಬೀಸುವ ಹಾಡು. "ನಮ್ಮತ್ತೆ ನಂಜೊತೆ ಮಾತು ಬುಟ್ಟಿದ್ಲು, ಹಾಡು ಬುಟ್ಟಿರ್ಲಿಲ್ಲ. ಕಲ್ಲಿನ ಮುಂದೆ ಕೂತ್ರೆ ಅವ್ಳು ಹೇಳೋಳು, ನಾನು ಸೊಲ್ಲು ಹಿಡಿಯೋಳು" ಎಂದು ಆಕೆ ನಗುತ್ತಾರೆ.

ಶೆಡ್ಡಿಗೆ ಯಾವ ಹಾಡನ್ನು ಯಾರು ತಂದರು ಎಂಬುದೆಲ್ಲ ಭೈರಮ್ಮನಿಗೆ ಬಾಯಿಪಾಠ. ಮೊಬೈಲಿನಲ್ಲಿ ಬೇಕಾದ ಹಾಡು ಸಿಗುತ್ತಲ್ಲ ಎಂದು ಕೆಣಕಿದೆ. "ಹಾಡೇನೋ ಐತೆ ಕಣಪ್ಪ. ಯಾರು ಕಲಿಸಿದ್ರು ಅಂತ ಅದ್ರಲ್ಲಿಲ್ವಲ್ಲ" ಅನ್ನುತ್ತಾರೆ.

ಗಂಡ ದುರ್ಗಯ್ಯ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಭೈರಮ್ಮ ಈ ಕೆಲಸಕ್ಕೆ ಬಂದರು. ದಿನಕ್ಕೆ ಸಾವಿರದ ಹತ್ತಿರ ಕಾಯಿ ಒಡೆಯುತ್ತಾರೆ. ಹೋಳಾದ ಕೊಬ್ಬರಿಗೆ ಉಂಡೆಯ ಬೆಲೆಯಿಲ್ಲ, ಆದ್ದರಿಂದ ಪ್ರತಿ ಏಟಿನಲ್ಲೂ ಹದ ತಪ್ಪುವಂತಿಲ್ಲ. ಈ ಶೆಡ್ಡಿನ ಸಂಗೀತ ಚರಿತ್ರೆಯ ದೊಡ್ಡ ಘಟನೆ ನಡೆದದ್ದು ಆ ಹದ ತಪ್ಪಿದಾಗಲೇ.

ಎರಡು ವರ್ಷದ ಹಿಂದೆ, ತಮ್ಮ ಸರದಿ ಬಂದಾಗ, ಭೈರಮ್ಮ ಒಂದು ಸಿನಿಮಾ ಹಾಡು ಎತ್ತಿಕೊಂಡರು. ಹುಡುಗಿಯಾಗಿದ್ದಾಗ ನೊಣವಿನಕೆರೆಯ ಮದುವೆ ಮನೆಯೊಂದರಲ್ಲಿ, ತೆಂಗಿನಮರಕ್ಕೆ ಕಟ್ಟಿದ್ದ ಮೈಕಿನಲ್ಲಿ ಕೇಳಿದ ಬಿರುಸಿನ ಹಾಡು. "ನೀರಿನ ಕೊಡ ಸೊಂಟದ ಮೇಲೇ ಇತ್ತು. ಹಾಡು ಮುಗಿಯೋಗಂಟ ಭಾರನೇ ಗೊತ್ತಾಗ್ಲಿಲ್ಲ." ಇಡೀ ಶೆಡ್ಡು ಕುಣಿದು ಸೊಲ್ಲು ಹಿಡಿಯಿತು. ಹಾಡಿನ ಓಟಕ್ಕೆ ಕೈಗಳೂ ಓಡಿದವು. ಹಾಡು ಮುಗಿದಾಗ ರಾಶಿಯ ತುಂಬಾ ಹೋಳು.

ಮಾಲೀಕ ಶಂಭುಲಿಂಗಯ್ಯ ಅಂದೇ ಹಾಡು ನಿಲ್ಲಿಸಿದರು. ಆಮೇಲೆ ಹೆಂಗಸರು ಮಾತಿಗೆ ಬಿದ್ದರು. ಮಾತಾಡುವವರ ಮುಖ ನೋಡುತ್ತಾ ಅವರಲ್ಲೊಬ್ಬರಾದ ಓಬಮ್ಮ ಬೆರಳಿಗೇ ಏಟು ಹಾಕಿಕೊಂಡರು. ಭೈರಮ್ಮ ನೇರವಾಗಿ ಮಾಲೀಕರ ಮುಂದೆ ನಿಂತರು: "ಸಾವ್ಕಾರ್ರೇ, ಹಾಡಿಂದು ತಪ್ಪಲ್ಲ, ಓಟದ್ದು ತಪ್ಪು. ಒಂದಿನ ನಿಧಾನದ್ದು ಹೇಳ್ತೀವಿ, ನೋಡಿ." ಅಂದು ಜೋಗುಳ ಹಾಡಿದರು.

"ಸಂಜೆ ರಾಶಿ ನೋಡ್ದೆ, ಹೋಳೇ ಇಲ್ಲ ಅನ್ಬೇಕು. ಹಾಡ್ಕೊಳ್ರಮ್ಮ ಅಂದೆ" ಎನ್ನುತ್ತಾರೆ ಶಂಭುಲಿಂಗಯ್ಯ. "ಆದ್ರೆ ಈವಮ್ಮನ ಆ ಹಾಡು ಮಾತ್ರ ಬ್ಯಾಡ."

ಅಂದಿನಿಂದ ತಮ್ಮ ಸರದಿಯಲ್ಲಿ ಭೈರಮ್ಮ ಬೇರೇನಾದರೂ ಹೇಳುತ್ತಾರೆ. ಎಲ್ಲರ ಹಾಡಿಗೂ ಜಾಗ ಉಳಿಸಿಕೊಟ್ಟವರಿಗೆ ತಮ್ಮದನ್ನೇ ಹಾಡುವಂತಿಲ್ಲವಲ್ಲ ಎಂದು ನನಗೆ ಬೇಸರವಾಗುತ್ತದೆ. ಅವರಿಗೆ ಆ ಬೇಸರ ಇದ್ದಂತಿಲ್ಲ. ಊಟದ ಬಿಡುವಿನಲ್ಲಿ ಚೀಲದಿಂದ ಒಂದು ಕಾಯಿ ತೆಗೆಯುತ್ತಾರೆ.

"ಇದು ನಮ್ಮನೆ ಮರದ್ದು, ಸಾವ್ಕಾರ್ರದ್ದಲ್ಲ. ಬಾಯಿ ಓಡ್ಲಿ, ಕೈ ಓಡ್ಬಾರ್ದು. ಅದನ್ನೇ ಕಲೀತಾ ಇವ್ನಿ. ಕತ್ತಿ ಹಿಡ್ಕೊಂಡೇ ಆ ಹಾಡ್ನ ಪೂರ್ತಿ ಹಾಡ್ಬೇಕು, ಒಂದು ಉಂಡೆನೂ ಒಡೀಬಾರ್ದು."

ಹಾಡು ಶುರುವಾಗುತ್ತದೆ. ದನಿ ಓಡುತ್ತದೆ, ಕೈ ಮಾತ್ರ ತನ್ನ ಪಾಡಿಗೆ ನಿಧಾನವಾಗಿ ಕಾಯಿಯ ಸುತ್ತ ತಟ್ಟುತ್ತದೆ. ತಕ್ಕಡಿಯ ಹತ್ತಿರ ನಿಂತ ಶಂಭುಲಿಂಗಯ್ಯ ಬೇಡ ಅನ್ನುವುದಿಲ್ಲ. ಕರಟ ಬಿಚ್ಚಿ, ಉಂಡೆ ಇಡಿಯಾಗಿ ಹೊರಬರುತ್ತದೆ.

ಭೈರಮ್ಮ ಅದನ್ನು ಮಾಲೀಕರಿಗೆ ಕಾಣುವಂತೆ ಎತ್ತಿ ಹಿಡಿಯುತ್ತಾರೆ. "ಪಲ್ಲವಿ ಆಯ್ತು ಸಾವ್ಕಾರ್ರೇ. ಇನ್ನೂ ಮೂರು ಚರಣ ಐತೆ."