ಕತ್ರೀನಳ ಪಿಟೀಲು ಯಾರದ್ದು

ಕಿರವತ್ತಿ ಕಡೆಯ ಕಾಡಂಚಿನ ಆಫ್ರಿಕಾ ಮೂಲದ ಸಿದ್ದಿಗಳ ಕೇರಿಯಲ್ಲಿ ಕತ್ರೀನಳ ಹೆಸರೆತ್ತಿದರೆ ಜನ ಮೊದಲು ನೆನೆಯುತ್ತಿದ್ದದ್ದು ಅವಳ ಸಿಟ್ಟನ್ನು, ಆಮೇಲೆ ಪಿಟೀಲನ್ನು.

ಸಣ್ಣವಳಿದ್ದಾಗ ಅವಳನ್ನು ಗೋವೆಯ ಮುದಿ ಸಂಗೀತ ಮಾಸ್ತರರೊಬ್ಬರ ಮನೆಗೆ ಪಾತ್ರೆ ತಿಕ್ಕಲು ಕಳಿಸಿದ್ದರು. ಮಾಸ್ತರರು ಇಗರ್ಜಿಯಲ್ಲಿ ಪಿಟೀಲು ನುಡಿಸುವವರು. ಮುನ್ನೂರು ವರ್ಷಗಳ ಹಿಂದೆ ಯುರೋಪಿನ ಭಕ್ತರು ಕಟ್ಟಿದ ಸಂಗೀತವೆಂದರೆ ಅವರಿಗೆ ಪ್ರಾಣ. ಜಪಸರ ಹಿಡಿದ ಭಕ್ತರು ಧ್ಯಾನಿಸುವ, ಯೇಸುವಿನ ಹುಟ್ಟು, ಸಂಕಟ, ಮರಣ, ಪ್ರತಿಯೊಂದಕ್ಕೂ ಅದರಲ್ಲಿ ಬೇರೆ ಭಾಗ, ಪಿಟೀಲಿನ ತಂತಿಗಳಿಗೂ ಬೇರೆ ಶ್ರುತಿ. ಶಿಲುಬೆಯ ಭಾಗಕ್ಕೆ ಬಿರಡೆ ತಿರುವಿದರೆ ತಂತಿಯ ದನಿ ಅತ್ತು ಒಡೆದ ಗಂಟಲಿನಂತಾಗುತ್ತಿತ್ತು, ಕಮಾನು ಮೊಳೆ ಜಡಿದ ಹಾಗೆ ಬೀಳುತ್ತಿತ್ತು. ತಮ್ಮ ಬೆರಳು ನಡುಗತೊಡಗಿದ ಮೇಲೆ ಮಾಸ್ತರರು ಇದನ್ನೆಲ್ಲ ಕತ್ರೀನಳಿಗೆ ಕಲಿಸಿದರು. ಸಾಯುವ ಮುನ್ನ ಪಿಟೀಲನ್ನೂ ಅವಳಿಗೇ ಕೊಟ್ಟರು.

ಸಾವಿರದ ಒಂಬೈನೂರ ಐವತ್ತಾರರಲ್ಲಿ ಊರಿಗೆ ಮರಳಿದವಳು ಸೌದೆ ಕಡಿದು ಮಾರಿ ಬದುಕಿದಳು. ಅಕ್ಟೋಬರ್ ತಿಂಗಳಿಡೀ ಜಪಸರ ಹೇಳುವ ಸಂಜೆಗಳಲ್ಲಿ ಅಲ್ಲಿಯ ಸಣ್ಣ ಇಗರ್ಜಿಯಲ್ಲಿ ನುಡಿಸುತ್ತಿದ್ದಳು. ಮರದ ನಾಟಾ ಕಂತ್ರಾಟುದಾರ ಕೈತಾನನ ತಾಯಿ ಎಸ್ಪೆರಾನ್ಸಬಾಯಿ ಶಿಲುಬೆಯ ಭಾಗ ಬಂದಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು.

ಐವತ್ತೊಂಬತ್ತರಲ್ಲಿ ಇಗರ್ಜಿಯ ಹಬ್ಬಕ್ಕೆ ಹೊರಗಿನಿಂದ ದೊಡ್ಡವರು ಬರುವವರಿದ್ದರು. ಹಾಡುವವರ ಮುಖಂಡನಾಗಿದ್ದ ಕೈತಾನ ಎಲ್ಲರೆದುರೇ ಹೇಳಿದ: “ಈ ಸಲ ನೀ ಬೇಡ.”

“ಎಂತಕ್ಕೆ ಬೇಡ?”

“ಬಂದವ್ರ ಮುಂದೆ ಸಿದ್ದಿ ಹೆಂಗಸು ನಿಂತ್ರೆ ಚೆಂದ ಕಾಣ್ತದಾ? ಪಿಟೀಲಾದ್ರೂ ನಿಂಗೆ ಹ್ಯಾಂಗೆ ಬಂತು? ಸತ್ತವ್ರ ಮನೆಯಿಂದ ಕದ್ದದ್ದೇ ಅಲ್ವಾ!”

ಪಿಟೀಲನ್ನು ಅವಳ ಕೈಯಿಂದ ಕಿತ್ತು ಇಗರ್ಜಿಯ ಕಪಾಟಿಗೆ ಹಾಕಿ ಬೀಗ ಜಡಿದ. ಯಾರೂ ತುಟಿ ಬಿಚ್ಚಲಿಲ್ಲ. ಎಸ್ಪೆರಾನ್ಸಬಾಯಿಯೂ ತಲೆ ತಗ್ಗಿಸಿ ಮಣಿ ಸರಿಸುತ್ತ ಕೂತರು.

ಕತ್ರೀನ ಮನೆಗೆ ಹೋಗಿ ಕೊಡಲಿ ತಂದಳು. ಹಾಡುಹಗಲೇ ಕಪಾಟಿನ ಬಾಗಿಲು ಸೀಳಿ ಪಿಟೀಲನ್ನು ಎತ್ತಿಕೊಂಡಳು. ಓಡಿಬಂದ ಪಾದ್ರಿ, “ಕ್ಷಮೆ ಕೇಳು ಮಗಳೆ, ಇಲ್ಲಿಗೇ ಮುಗ್ಸುವಾ” ಎಂದರು.

“ನಾ ಕೇಳೂದಾ? ಕಳ್ಳಿ ಅಂದವ್ರು ಕೇಳ್ಲಿ!”

ಆಮೇಲೆ ಅವಳು ಇಗರ್ಜಿಯ ಮೆಟ್ಟಿಲು ಹತ್ತಲಿಲ್ಲ. ಅಕ್ಟೋಬರ್ ಬಂದರೆ ತನ್ನ ಅಂಗಳದಲ್ಲೇ ನುಡಿಸುತ್ತಿದ್ದಳು. ಕೇರಿಯ ಹಿಂದೂ ಸಿದ್ದಿಗಳು, ಮುಸ್ಲಿಂ ಸಿದ್ದಿಗಳು ಎಲ್ಲರೂ ಬಂದು ಕೂರುತ್ತಿದ್ದರು. ಪಕ್ಕದ ಮನೆಯ ಗಂಗೆ ಒಮ್ಮೆ, “ಬಿಟ್ಬಿಡೆ, ಎಷ್ಟು ವರ್ಷ ಸಿಟ್ಟು ಮಾಡ್ತೆ?” ಅಂದದ್ದಕ್ಕೆ ಅವಳೊಡನೆಯೂ ಒಂದು ತಿಂಗಳು ಮಾತು ಬಿಟ್ಟಿದ್ದಳು.

ಅರವತ್ತನಾಲ್ಕರ ಒಂದು ಭಾನುವಾರ ಕೈತಾನನ ಜೀಪು ಕೇರಿಗೆ ಬಂತು. ಅವನ ತಾಯಿ ಇವತ್ತೋ ನಾಳೆಯೋ ಎನ್ನುವಂತಿದ್ದರು. ಶಿಲುಬೆಯ ಸಂಗೀತ ಕೇಳಬೇಕೆಂದು ಹಟ ಹಿಡಿದಿದ್ದರು.

“ಮೊದ್ಲು ಹೇಳಿ, ಪಿಟೀಲು ಯಾರದ್ದು?” ಎಂದು ಕೇಳಿದಳು ಕತ್ರೀನ.

“ನಿಂದೇ.”

“ಇಲ್ಲಿ ಅಲ್ಲ. ಇಗರ್ಜಿ ಎದುರಿಗೆ ಹೇಳಿ.”

ಜೀಪು ಇಗರ್ಜಿ ಎದುರು ಬಂದು ನಿಂತಿತು, ಅವಳು ಪಿಟೀಲು ಹಿಡಿದು ನಡೆದೇ ಬಂದಳು. ಜನ ಪೂಜೆ ಮುಗಿಸಿ ಹೊರಬರುತ್ತಿದ್ದರು. ಕೈತಾನ ನೆಲ ನೋಡುತ್ತ ಗೊಣಗಿದ. “ಕೇಳ್ಲಿಲ್ಲ” ಎಂದಳು. “ಪಿಟೀಲು ಕತ್ರೀನಂದೇ, ನಾ ಹೇಳಿದ್ದು ಸುಳ್ಳು” ಎಂದು ಅವನು ಕೂಗಿ ಹೇಳಬೇಕಾಯಿತು. ಆಮೇಲೆಯೇ ಅವಳು ಜೀಪು ಹತ್ತಿದ್ದು.

ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಎಸ್ಪೆರಾನ್ಸಬಾಯಿ ಅವಳ ಕೈ ಹಿಡಿದು, “ಅವತ್ತು ನಾ ಬಾಯಿ ಬಿಡ್ಲಿಲ್ಲ” ಎಂದರು.

“ಹೌದು, ಬಿಡ್ಲಿಲ್ಲ” ಎಂದಳು ಕತ್ರೀನ. ಶಿಲುಬೆಯ ಭಾಗಕ್ಕೆ ಬಿರಡೆ ತಿರುವಿದಳು. ಮುದುಕಿ ಕೇಳಿದಷ್ಟು ಸಲ ನುಡಿಸಿದಳು. ಆ ಮನೆಯ ನೀರನ್ನೂ ಮುಟ್ಟಲಿಲ್ಲ.

ಹೊರಡುವಾಗ ಕೈತಾನ, “ಇನ್ನು ಇಗರ್ಜಿಗೆ ಬಾ” ಎಂದ.

“ದೇವರ ಸಂಗ್ಡ ನಂಗೆ ಜಗಳ ಇಲ್ಲ. ನಿಮ್ಮ ಸಂಗ್ಡ ಉಂಟು” ಎಂದವಳು ಜೀಪನ್ನೂ ಒಲ್ಲೆನೆಂದು ನಡೆದೇ ಮನೆಗೆ ಹೋದಳು.

ಮುಂದಿನ ಅಕ್ಟೋಬರಿನಲ್ಲಿ ಇಗರ್ಜಿಯ ಕೆಲವರು ಜಪಸರ ಹಿಡಿದು ಅವಳ ಅಂಗಳಕ್ಕೇ ಬಂದರು. ಅವಳು ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಗಂಗೆಯೇ ಚಾಪೆ ಹಾಸಿದಳು.