ಎರಡನೇ ಹಗ್ಗ

ಫಾರ್ಕರ್ ಗನ್ ಗೋಡೆ ಕಟ್ಟುವವನು. ಗಾರೆ ಇಲ್ಲ, ಮಣ್ಣಿಲ್ಲ. ಕಲ್ಲಿನ ಮೇಲೆ ಕಲ್ಲು ಕೂರಿಸಿ, ಕುರಿ ಹಾರದಂಥ ಗೋಡೆಯನ್ನು ಗುಡ್ಡದುದ್ದಕ್ಕೂ ಎಬ್ಬಿಸುತ್ತಿದ್ದ. ಗ್ಲೆನ್ ಆರ್ನಾ ಕಣಿವೆಯಲ್ಲಿ ಅವನ ಕೈ ಮುಟ್ಟದ ಗೋಡೆ ಕಮ್ಮಿ. ಗನ್ ಅನ್ನುವುದು ತಾಯಿಯ ಮನೆತನದ ಹೆಸರು. ತಾಯಿ ಜೆಸ್ಸಿ ದೊಡ್ಡಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ತಂದೆ ಯಾರೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆ ಗಿಡುಗನ ಮೂಗು ಇಡೀ ಕಣಿವೆಯಲ್ಲಿ ಇಬ್ಬರಿಗೇ ಇದ್ದದ್ದು: ಡನ್‌ಕ್ರೇ ದೊರೆಗೆ, ಫಾರ್ಕರನಿಗೆ.

ದೊರೆಯ ವಂಶಾವಳಿ ಕೆಂಪು ರಟ್ಟಿನ ದಪ್ಪ ಪುಸ್ತಕದಲ್ಲಿ ಅಚ್ಚಾಗಿತ್ತು. ಯಾವ ಮುತ್ತಜ್ಜ ಯಾವ ಅರ್ಲ್ ಪದವಿಯವನ ಮಗಳನ್ನು ತಂದ, ಯಾವ ಯುದ್ಧದಲ್ಲಿ ಯಾರ ತಲೆ ಉರುಳಿತು, ಎಲ್ಲ ಇತ್ತು. ಒಗೆಯುವವಳ ಮಗ ಅದರೊಳಗೆ ಎಲ್ಲಿ ಬರಬೇಕು? "ಅವರ ಕುದುರೆಗಳ ವಂಶಾನೂ ಹಾಕಿದ್ರೆ ಓದೋಕೆ ಮಜಾ ಇರ್ತಿತ್ತು" ಅನ್ನುತ್ತಿದ್ದ ಫಾರ್ಕರ್.

ಮುದಿ ದೊರೆ ಆಗಾಗ ಅವನು ಗೋಡೆ ಕಟ್ಟುವಲ್ಲಿಗೆ ಬಂದು ಕೂರುತ್ತಿದ್ದ. ಮಳೆಯ ಮಾತು, ಕುರಿಯ ಮಾತು. ಒಮ್ಮೆ ತಾನೂ ಒಂದು ಕಲ್ಲು ಎತ್ತಿ ಇಟ್ಟ. ಫಾರ್ಕರ್ ಅದನ್ನು ಕಿತ್ತು, ತಿರುಗಿಸಿ, ಸರಿಯಾಗಿ ಇಟ್ಟ. ಇಬ್ಬರೂ ನಕ್ಕರು. ಅಪ್ಪ ಮಗ ಅಂತ ಅವರ ನಡುವೆ ನಡೆದದ್ದು ಅಷ್ಟೇ.

ದೊರೆ ಹಾಸಿಗೆ ಹಿಡಿದ ಮೇಲೆ ಮಗ ಲಯನಲ್ ಯಜಮಾನಿಕೆ ವಹಿಸಿಕೊಂಡ. ಜಿಂಕೆ ಬೇಟೆಗೆಂದು ಊರವರೆಲ್ಲ ಕುರಿ ಮೇಯಿಸುವ ಗುಡ್ಡಕ್ಕೆ ತಂತಿ ಬಿಗಿದ. ಫಾರ್ಕರ್ ಜನ ಕಟ್ಟಿಕೊಂಡು ಹೋಗಿ ತಂತಿ ಕತ್ತರಿಸಿದ. ಪೊಲೀಸರು ಎಳೆದೊಯ್ದರು, ಬಿಟ್ಟರು. ಮತ್ತೆ ಕತ್ತರಿಸಿದ. ಕೊನೆಗೆ ಊರಿನ ಪರವಾಗಿ ಕೋರ್ಟಿಗೆ ಹೋದ.

ಕೇಸು ನಡೆಯುತ್ತಿರುವಾಗಲೇ ಮುದುಕ ಸತ್ತ.

ನಮ್ಮ ಕಡೆ ಹೆಣವನ್ನು ಗುಂಡಿಗೆ ಇಳಿಸುವುದು ಆಳುಗಳ ಕೆಲಸವಲ್ಲ. ಶವಪೆಟ್ಟಿಗೆಗೆ ಎಂಟು ಹಗ್ಗ. ತಲೆಯ ಕಡೆಯ ಮೊದಲನೆಯದು ಹಿರಿಯ ಮಗನಿಗೆ, ಕಾಲಿನ ಕಡೆಯ ಎರಡನೆಯದು ಅವನ ನಂತರದ ರಕ್ತಕ್ಕೆ. ಹೀಗೇ ದೂರವಾಗುತ್ತ ಹೋಗಿ ಎಂಟನೆಯದು ಯಾರೋ ಗೆಳೆಯನಿಗೆ. ತನಗೆ ಕೆಳಗಿನ ಹಗ್ಗ ಕೊಟ್ಟರೆಂದು ಜೀವಮಾನವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ.

ಎಸ್ಟೇಟಿನ ಪಾರುಪತ್ಯಗಾರ ಗೋಡೆಯ ಹತ್ತಿರವೇ ಬಂದ.

"ಎರಡನೇ ಹಗ್ಗ ನಿನಗೇ ಅಂತ ಲಯನಲ್ ದೊರೆಗಳು ಹೇಳಿದಾರೆ, ಫಾರ್ಕರ್. ಊರೆಲ್ಲ ನೋಡುತ್ತೆ. ಇನ್ನೇನು ಬೇಕು ನಿಂಗೆ?"

"ಸುಮ್ಮನೆ ಕೊಡ್ತಾರಾ?"

"ಕೇಸು ವಾಪಸ್ ತಗೊಂಡ್ಬಿಡು."

ಫಾರ್ಕರ್ ಕೈಯಲ್ಲಿದ್ದ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ. ಆ ಹಗ್ಗ ಅವನಿಗೆ ಬೇಕಿತ್ತು. ಮನೆ ಬೇಡ, ಬಿರುದು ಬೇಡ. ನಾಲ್ಕು ಜನರೆದುರು ಅಪ್ಪನನ್ನು ಅಪ್ಪ ಅಂತ ಮಣ್ಣಿಗಿಳಿಸಬೇಕಿತ್ತು.

"ಹಗ್ಗ ನಂದು, ಗುಡ್ಡ ಊರಿಂದು. ನಂದು ತಗೊಳ್ಳೋಕೆ ಊರಿಂದು ಹ್ಯಾಗೆ ಕೊಡ್ಲಿ? ಹೋಗಿ ಹೇಳಿ."

ಅಂಚೆಯ ಹ್ಯೂಗಿ, ಅವನ ಜೊತೆಗೇ ಬೆಳೆದವನು, ಇದನ್ನು ಕೇಳಿ ತಲೆ ಚಚ್ಚಿಕೊಂಡ.

"ಹ್ಞೂಂ ಅಂದು ಹಗ್ಗ ಹಿಡಿದು, ಆಮೇಲೆ ಮತ್ತೆ ಕೇಸು ಹಾಕ್ಬೇಕಿತ್ತು ಕಣೋ, ದಡ್ಡ!"

"ಹಾಗೆ ಮಾತು ತಪ್ಪೋದಕ್ಕೆ ದೊಡ್ಡಮನೇಲಿ ಹುಟ್ಟಿರ್ಬೇಕು."

"ನೀನು ಅರ್ಧ ಹುಟ್ಟಿದೀಯಲ್ಲೋ!"

"ಆ ಅರ್ಧ ಎಲ್ಲಾ ಮೂಗಿಗೇ ಖರ್ಚಾಯ್ತು."

ಮಣ್ಣು ಮಾಡುವ ದಿನ ಗಾಳಿಯೋ ಗಾಳಿ. ಫಾರ್ಕರ್ ಊರವರ ಜೊತೆ ಗುಂಡಿಯ ಕಾಲಿನ ಕಡೆ ನಿಂತಿದ್ದ. ಕರಿ ಕೋಟೇನೋ ಹಾಕಿದ್ದ, ಬೂಟಿಗೆ ಮಾತ್ರ ಕೆಲಸದ ಕೆಸರು ಹಾಗೇ ಇತ್ತು. ಒಂದನೆಯದಕ್ಕೆ ಲಯನಲ್‌ನನ್ನು ಕರೆದರು. ಎರಡನೆಯದಕ್ಕೆ, ಲಂಡನ್ನಿನಿಂದ ಬಂದಿದ್ದ ದಾಯಾದಿ ಸೆಡ್ರಿಕ್. ಕೆಂಪು ಪುಸ್ತಕದ ಪ್ರಕಾರ ಅವನೇ ಹತ್ತಿರದ ರಕ್ತ. ಪಾಪ, ಅವನ ಸೀಮೆಯಲ್ಲಿ ಪೆಟ್ಟಿಗೆ ಇಳಿಸುವವರು ಕೂಲಿಯವರು. ಕೈಗೆ ಬಂದ ಹಗ್ಗವನ್ನು ಒಮ್ಮೆ ನೋಡಿದ, ತನ್ನ ಬಿಳಿ ಕೈಗವಸನ್ನು ಒಮ್ಮೆ ನೋಡಿದ. ಪಕ್ಕದಲ್ಲೇ ಸಲಿಕೆಯಂಥ ಕೈಗಳ ಮನುಷ್ಯ ಕಂಡ.

"ಏನಯ್ಯಾ, ಹಿಡಿ ಇದನ್ನ. ಇಳಿಸೋದು ನಿಮ್ಮ ಕೆಲಸ ತಾನೇ?"

ಊರಿಗೆ ಊರೇ ಉಸಿರು ಹಿಡಿಯಿತು. ಹ್ಯೂಗಿ ನಗು ತಡೆಯಲಾರದೆ ಕೆಮ್ಮಿದ. ಆಚೆ ತುದಿಯಲ್ಲಿ ಲಯನಲ್‌ನ ಮುಖ ಸುಟ್ಟ ಬದನೆಕಾಯಿ ಆಯಿತು. ಅವನಿಗೆ ಕೊಡಬೇಡ ಅಂದರೆ, ಯಾಕೆ ಅಂತ ಹೇಳಬೇಕಾಗುತ್ತಿತ್ತು.

"ಹೌದು ಸ್ವಾಮಿ, ನಂದೇ ಕೆಲಸ" ಅಂದ ಫಾರ್ಕರ್.

ಹಗ್ಗವನ್ನು ಅಂಗೈಗೆ ಸುತ್ತಿಕೊಂಡು, ಕಲ್ಲಿಳಿಸುವ ಹದದಲ್ಲೇ ಮೆಲ್ಲಗೆ ಬಿಟ್ಟ. ಪೆಟ್ಟಿಗೆ ಓರೆಯಾಗದೆ ಕೂತಿತು. ಹಗ್ಗದ ತುದಿಯನ್ನು ಗುಂಡಿಗೆ ಹಾಕಿ ಹಿಂದೆ ಸರಿದ.

ವಾಪಸ್ ಬರುವಾಗ ಹ್ಯೂಗಿ ಅಂದ: "ಅಂತೂ ಹಿಡಿದೆ ಬಿಡಪ್ಪಾ."

"ಕೂಲಿಯವನು ಅಂತ ಕೊಟ್ಟ."

"ಏನಂತಾದ್ರೂ ಕೊಡ್ಲಿ. ಹಿಡಿದಿದ್ದು ಎರಡನೇದು ತಾನೇ?"

ಫಾರ್ಕರ್ ಅಂಗೈಯಲ್ಲಿ ಮೂಡಿದ್ದ ಹಗ್ಗದ ಗುರುತನ್ನು ಉಜ್ಜಿಕೊಂಡ. ಆಮೇಲೆ, "ಮುದುಕ ಅಂದ್ಕೊಂಡಷ್ಟು ಭಾರ ಇರ್ಲಿಲ್ಲ ಕಣೋ" ಅಂದ.

ಕೋರ್ಟು ಅರ್ಧ ಗುಡ್ಡ ಕೊಟ್ಟಿತು. ಉಳಿದರ್ಧಕ್ಕೆ ಮತ್ತೆ ತಂತಿ, ಮತ್ತೆ ಕತ್ತರಿ. ಕೆಂಪು ಪುಸ್ತಕ ಮರುಮುದ್ರಣವಾಯಿತು, ಅದರಲ್ಲಿ ಸೆಡ್ರಿಕ್‌ನ ಮದುವೆ ಸೇರಿತು. ಫಾರ್ಕರ್ ಮದುವೆಯಾಗಲಿಲ್ಲ. ಅವನು ಸತ್ತಾಗ ಮೊದಲನೇ ಹಗ್ಗ ಹ್ಯೂಗಿ ಹಿಡಿದ. ಮಿಕ್ಕ ಏಳಕ್ಕೆ ಗುಡ್ಡದಲ್ಲಿ ಕುರಿ ಮೇಯಿಸುವವರು ಸ್ಮಶಾನದಲ್ಲೇ ಜಗಳಕ್ಕೆ ಬಿದ್ದರು.