ಹದಿನಾಲ್ಕು ಕ್ಯಾರಟ್ಟಿನ ವರ್ಷ

ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು! ಅಪ್ಪಟ ಚಿನ್ನ ಮುಟ್ಟಿದ ಅಕ್ಕಸಾಲಿಯನ್ನು ಕಳ್ಳನ ಹಾಗೆ ನೋಡುತ್ತಿದ್ದ ಕಾಲವೊಂದಿತ್ತು. ಅರವತ್ಮೂರರಲ್ಲಿ ಕಾಯ್ದೆ ಬಂತು: ಹದಿನಾಲ್ಕು ಕ್ಯಾರಟ್ಟಿಗಿಂತ ಶುದ್ಧವಾದ ಹೊಸ ಒಡವೆ ಮಾಡಕೂಡದು. ನನ್ನಪ್ಪ ಶಿರಸಿಯಲ್ಲಿ ಪತ್ತಾರ, ಚಿನ್ನದ ಕೆಲಸದವ. ಇದ್ದಿಲು, ಹುಣಸೆಹುಳಿಯ ವಾಸನೆ ತುಂಬಿರುತ್ತಿದ್ದ ನಮ್ಮ ಪಡಸಾಲೆಗೆ ಆ ವರ್ಷ ಹೆದರಿಕೆ ಹೊಕ್ಕಿತು. ಖಾಕಿ ಕಂಡರೆ ಸಾಕು, ನಾನು ಒಳಗೆ ಓಡುತ್ತಿದ್ದೆ.

ಆಗಲೇ ಬನವಾಸಿ ಕಡೆಯ ಗಂಗವ್ವ ಬಂದಳು. ಮಗಳ ಮದುವೆ ಹತ್ತಿರ ಬಂದಿತ್ತು. ಅತ್ತೆಯ ಕಾಲದ ಬೆಂಡೋಲೆ ಕರಗಿಸಿ ತಾಳಿ ಮಾಡಿಕೊಡಬೇಕಂತೆ.

"ತಾಮ್ರ ಹೆಚ್ಚಿಗಿ ಹಾಕಿದ್ರ ಮಾಡ್ತೀನವ್ವಾ. ಇಲ್ಲಂದ್ರ ನಾ ಜೇಲಿಗೆ ಹೋಗಬೇಕಾಕ್ಕೈತಿ," ಎಂದ ಅಪ್ಪ.

"ತಾಳಿಗೆ ತಾಮ್ರ ತುಂಬತಾರೇನೋ ಅಣ್ಣಾ? ನನ್ನ ಮಗಳ ಬಾಳೇವು ಏನಾಗಬೇಕು?" ಗಂಗವ್ವ ಅತ್ತೇಬಿಟ್ಟಳು.

ಅಪ್ಪ ಕರಗಿದ. ಮರುದಿನ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತ. ಕಾವಲಿಗೆ ನಾನು ಜಗಲಿಯ ಮೇಲೆ ಕಲ್ಲಾಟ ಆಡುತ್ತಾ ಕೂತೆ. ಮಧ್ಯಾಹ್ನ ಮನೆ ಮುಂದೆಯೇ ಜೀಪು ನಿಂತಿತು. ಖಾಕಿಯವರು ಇಳಿದರು.

"ಯಪ್ಪಾ, ಬಂದ್ರು!"

ಅಪ್ಪ ತಾಳಿಯನ್ನು ಅಗ್ಗಿಷ್ಟಿಕೆಯ ಬೂದಿಯೊಳಗೆ ತುರುಕಿ ಹೊರಗೆ ಓಡಿಬಂದ. ಪತ್ತಾರರ ಮನೆಯಲ್ಲಿ ಬೂದಿ, ಕಸ ಯಾವತ್ತೂ ಚೆಲ್ಲುವುದಿಲ್ಲ. ಅದರಲ್ಲಿ ಚಿನ್ನದ ಪುಡಿ ಇರುತ್ತದೆಂದು ಗಡಿಗೆಯಲ್ಲಿ ತುಂಬಿಡುತ್ತಾರೆ. ಆದರೆ ಗಂಡನನ್ನು ಹಿಡಿದೊಯ್ಯುತ್ತಾರೆಂಬ ಭಯಕ್ಕೆ ಅವ್ವನಿಗೆ ಯಾವ ರೂಢಿಯೂ ನೆನಪಾಗಲಿಲ್ಲ. ತಾಳಿ ಅದರೊಳಗಿದೆಯೆಂದು ತಿಳಿಯದೆ, ಕೆಲಸದ ಗುರುತೇ ಉಳಿಯಬಾರದೆಂದು ಅಗ್ಗಿಷ್ಟಿಕೆಗೆ ನೀರು ಸುರಿದು, ಬೂದಿಯನ್ನೆಲ್ಲ ಬಳಿದು ಹಿತ್ತಲ ತಿಪ್ಪೆಗೆ ಎಸೆದಳು.

"ಮಲೇರಿಯಾದವ್ರರಿ. ಸೊಳ್ಳಿ ಔಷಧ ಹೊಡೀಬೇಕು, ಸಾಮಾನ ಹೊರಗ ಇಡ್ರಿ," ಎಂದರು ಬಂದವರು.

ನಮಗೆ ಹೋದ ಜೀವ ಬಂತು. ಅವರು ಗೋಡೆಗೆಲ್ಲ ಔಷಧ ಹೊಡೆದು ಹೋದ ಮೇಲೆ ಅಪ್ಪ ಬೂದಿ ಕೇಳಿದ. ಅವ್ವ ತಿಪ್ಪೆ ತೋರಿಸಿದಳು. ಹೊತ್ತು ಮುಳುಗುವವರೆಗೆ ಮೂವರೂ ಸಗಣಿ, ಬೂದಿ ಕಲಸಿ ಜಾಲಾಡಿದೆವು. ತಾಳಿ ಸಿಗಲೇ ಇಲ್ಲ.

ಬೆಳಗ್ಗೆ ಅವ್ವ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಂಡಳು. ಆಮೇಲೆ ತನ್ನ ತಾಳಿ ಬಿಚ್ಚಿದಳು.

"ತಗೋರಿ. ಇದನ್ನ ಕರಗಿಸ್ರಿ."

"ಹುಚ್ಚಿ, ಅದು ನಾನೇ ಕಟ್ಟಿದ್ದು!"

"ನೀವು ಮನ್ಯಾಗ ಇದ್ದೀರಲ್ಲ, ನನಗಷ್ಟ ಸಾಕು. ಆ ಹುಡುಗಿ ಮದಿವಿ ನಿಲ್ಲಬಾರದು."

ಮತ್ತೆ ಬಾಗಿಲು ಹಾಕಿದರು. ಅಪ್ಪ ಊದುಗೊಳವೆ ಹಿಡಿದು ಅವ್ವನ ತಾಳಿ ಕರಗಿಸಿ ಹೊಸದು ಮಾಡಿದ. ಗಂಗವ್ವ ಏನೂ ತಿಳಿಯದೆ ತಾಳಿಯನ್ನು ಕಣ್ಣಿಗೊತ್ತಿಕೊಂಡು ಹೋದಳು.

ಅಪ್ಪ ಆಮೇಲೆ ಅಗ್ಗಿಷ್ಟಿಕೆ ಹೊತ್ತಿಸಲಿಲ್ಲ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರಲು ಹೋದ. ಕೆಲವು ವರ್ಷಕ್ಕೆ ಕಾಯ್ದೆ ಸಡಿಲಾಯಿತು. "ನಿನಗೊಂದು ತಾಳಿ ಮಾಡಿಕೊಡ್ತೀನಿ ತಡಿ," ಎಂದು ಅವ್ವನಿಗೆ ಹೇಳಿ ಹತಾರ ತೆಗೆದು ಕೂತ. ಮೂಟೆ ಹೊತ್ತ ಬೆರಳಿಗೆ ಚಿಮಟ ನಿಲ್ಲಲಿಲ್ಲ. ಇನ್ನೊಬ್ಬ ಪತ್ತಾರನ ಹತ್ತಿರ ಮಾಡಿಸಲು ಅವ್ವ ಒಪ್ಪಲಿಲ್ಲ.

ಇಂದು ಅದೇ ಪೇಟೆಯಲ್ಲಿ ಚಿನ್ನದ ಅಂಗಡಿಗಳು ಝಗಝಗಿಸುತ್ತವೆ. ಕೂತು ತಾಳಿ ಬಡಿಯುವವರು ಮಾತ್ರ ಕಾಣುವುದಿಲ್ಲ. ಅವ್ವ ಮುತ್ತೈದೆಯಾಗಿಯೇ ಹೋದಳು. ಕೊನೆಯ ಸ್ನಾನ ಮಾಡಿಸುವಾಗ ಅವಳ ಕೊರಳಲ್ಲಿದ್ದದ್ದು ಅರಿಶಿನದ ಕೊಂಬು. ಅಪ್ಪ ಅದನ್ನೇ ನೋಡುತ್ತಾ ನಿಂತಿದ್ದ.